ಏಲಕ್ಕಿಯ ಹೆಸರಿನ ಕಮಾನು

2013ರಲ್ಲಿ ಅಲಹಾಬಾದಿನ ಕುಂಭಮೇಳಕ್ಕೆ ಹೋಗಿ ಊಟಕ್ಕೆ ಕುಳಿತ ಯಾತ್ರಿಕರ ತಟ್ಟೆಗೆ ಬಿದ್ದ ರೊಟ್ಟಿಯ ಮೇಲೆ ಒಂದು ಪ್ರಶ್ನೆ ಅಚ್ಚಾಗಿತ್ತು: ಲೈಫ್‌ಬಾಯ್ ಹಚ್ಚಿ ಕೈ ತೊಳೆದಿರಾ? ಹಿಂದೂಸ್ತಾನ್ ಯೂನಿಲಿವರ್ ಕಂಪನಿ ಮೇಳದ ಊಟದ ಮನೆಗಳಲ್ಲಿ ತನ್ನ ಜನರನ್ನು ನಿಲ್ಲಿಸಿ, ಕಾದ ಮುದ್ರೆಯಿಂದ ಸುಮಾರು 25 ಲಕ್ಷ ರೊಟ್ಟಿಗಳ ಮೇಲೆ ಈ ಮಾತನ್ನು ಒತ್ತಿಸಿತು. ಕರೆಂಟೂ ಟಿವಿಯೂ ನೆಟ್ಟಗಿಲ್ಲದ ಬಿಹಾರ, ಝಾರ್ಖಂಡದ ಹಳ್ಳಿಗಳಿಗೆ ಅದೇ ಕಂಪನಿ ಇನ್ನೊಂದು ದಾರಿ ಹುಡುಕಿತು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ತಿರುಗಿ ಕರೆ ಬರುತ್ತಿತ್ತು. ಸಿನಿಮಾ ಹಾಡು, ನಗೆಮಾತು ಎಲ್ಲ ಪುಕ್ಕಟೆ, ನಡುನಡುವೆ ಕಂಪನಿಯ ಸಾಮಾನುಗಳ ಜಾಹೀರಾತು. ‘ಕಾನ್ ಖಜೂರಾ ಟೇಶನ್’ ಎಂದು ಅದಕ್ಕೆ ಹೆಸರು.

ಹಸಿದವನ ರೊಟ್ಟಿಯ ಮೇಲೆ ಕಂಪನಿಯ ಮುದ್ರೆ ಒತ್ತುವುದು ನನಗೆ ಸರಿಬರುವುದಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ರೊಟ್ಟಿಯ ಮೇಲಿರಲಿ, ಫೋನಿನಲ್ಲಿರಲಿ, ಮಾರುವವನು ತಾನು ಯಾರು, ಏನು ಮಾರುತ್ತಿದ್ದೇನೆ ಎಂದು ಹೇಳಿಕೊಂಡಿದ್ದ. ಬೇಕಾದವರು ಕೊಂಡರು, ಬೇಡವಾದವರು ಬಿಟ್ಟರು. ಹಳೆಯ ಮಾಧ್ಯಮಗಳ ರೀತಿಯೂ ಇದೇ. ವಿವಿಧ ಭಾರತಿಗೆ 1967ರಲ್ಲಿ, ದೂರದರ್ಶನಕ್ಕೆ 1976ರಲ್ಲಿ ಜಾಹೀರಾತು ಬಂತು. ಅದಕ್ಕೂ ಮುಂಚಿನಿಂದ ನಮ್ಮ ಹಳ್ಳಿಗಳಲ್ಲಿ ತಗಡಿನ ಬೋರ್ಡು, ಗೋಡೆಬರಹ ಇದ್ದವು. ನಮ್ಮ ತಂದೆಯವರ ಕಿರಾಣಿ ಅಂಗಡಿಯ ಪಕ್ಕದ ಗೋಡೆ ವರ್ಷಕ್ಕೊಮ್ಮೆ ಬಣ್ಣ ಬದಲಿಸುತ್ತಿತ್ತು. ಒಂದು ವರ್ಷ ಚಹಾಪುಡಿ, ಇನ್ನೊಂದು ವರ್ಷ ಬೀಜದ ಕಂಪನಿ. ಅದನ್ನು ನೋಡಿ ಯಾರೂ ಇದು ಅಂಗಡಿಯವರ ಸ್ವಂತ ಮಾತು ಎಂದು ತಿಳಿಯಲಿಲ್ಲ.

ಈಗ ಬಂದಿರುವುದು ಬೇರೆ ಬಗೆ. 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ಮಾರಾಟವೇ ನಿಂತಿತು, ಅಂದರೆ ಕಾಗದದ ಮೇಲೆ. ಅಂಗಡಿಯಲ್ಲಿ ಒಂದು ಚೀಟಿಯಲ್ಲಿ ಪಾನ್ ಮಸಾಲ, ಜೊತೆಗೆ ಇನ್ನೊಂದು ಸಣ್ಣ ಚೀಟಿಯಲ್ಲಿ ತಂಬಾಕು. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಹಳೆಯ ಗುಟ್ಕಾ ಸಿದ್ಧ. ಜಾಹೀರಾತಿನಲ್ಲಿ ಮಾತ್ರ ಈ ಎರಡೂ ಇಲ್ಲ, ಅಲ್ಲಿರುವುದು ಏಲಕ್ಕಿ! ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರ. ಬಸ್ಸಿನ ಬೆನ್ನಿನ ಮೇಲೆ, ಕ್ರಿಕೆಟ್ ಪಂದ್ಯದ ಓವರುಗಳ ನಡುವೆ, ಮೊಬೈಲಿನಲ್ಲಿ, ಎಲ್ಲೆಲ್ಲೂ ದೊಡ್ಡ ದೊಡ್ಡ ನಟರು ಏಲಕ್ಕಿಯ ಕಂಪನ್ನು ಹೊಗಳುತ್ತಾರೆ. ನಮ್ಮೂರಿನ ಪಾನ್ ಅಂಗಡಿಗಳಲ್ಲಿ ಆ ಏಲಕ್ಕಿ ಕೊಡಿ ಎಂದು ಕೇಳಿದೆ. ಒಬ್ಬರ ಬಳಿಯೂ ಇರಲಿಲ್ಲ. ಆ ಹೆಸರಿನ ಪಾನ್ ಮಸಾಲ ಸರಸರವಾಗಿ ತೂಗಾಡುತ್ತಿತ್ತು.

ಇದಕ್ಕೆ ಸರೋಗೇಟ್ ಜಾಹೀರಾತು ಎನ್ನುತ್ತಾರೆ. ನನಗೆ ಮುಸುಕಿನ ಜಾಹೀರಾತು ಎನ್ನುವುದೇ ಸರಿ ಎನಿಸುತ್ತದೆ. 2021ರಲ್ಲಿ ಅಮಿತಾಭ್ ಬಚ್ಚನ್ ಇಂಥ ಒಂದು ಒಪ್ಪಂದದಿಂದ ಹೊರಬಂದು ಹಣ ಹಿಂತಿರುಗಿಸಿದರು. 2022ರಲ್ಲಿ ಅಕ್ಷಯ್ ಕುಮಾರ್ ಅಭಿಮಾನಿಗಳ ಆಕ್ಷೇಪಕ್ಕೆ ಮಣಿದು ಕ್ಷಮೆ ಕೇಳಿ ಹಿಂದೆ ಸರಿದರು. ಅದೇ ವರ್ಷದ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಮುಸುಕಿನ ಜಾಹೀರಾತು ಕೂಡದು ಎಂದಿತು. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ 2019ರ ಗ್ರಾಹಕ ಕಾಯ್ದೆಯಲ್ಲಿದೆ. ಬಸ್ಸುಗಳ ಬೆನ್ನಿನ ಮೇಲೆ ಏಲಕ್ಕಿ ಇನ್ನೂ ಹಾಗೆಯೇ ಇದೆ.

ತಂಬಾಕು ಇಲ್ಲದಿದ್ದರೆ ಸರಿಯಲ್ಲವೇ ಎನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿ ಬಹಳ ವರ್ಷಗಳಾದವು. ಅಡಿಕೆ ತೋಟದ ನಮ್ಮ ಬಂಧುಗಳಿಗೆ ಈ ಮಾತು ರುಚಿಸದು. ಅವರ ಬದುಕಿನ ಪ್ರಶ್ನೆ ದೊಡ್ಡದು, ಅದನ್ನು ಬೇರೆಯಾಗಿಯೇ ಚರ್ಚಿಸಬೇಕು.

ಇದೆಲ್ಲ ದೂರದ ಮಾತಾಗಿದ್ದರೆ ನಾನು ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ. ನಮ್ಮ ಊರಿನ ಮಠದ ಜಾತ್ರೆಗೆ ಈ ವರ್ಷ ಅಂಥದೇ ಒಂದು ಕಂಪನಿಯ ವಿತರಕರು ಬಂದಿದ್ದಾರೆ. ಸ್ವಾಗತ ಕಮಾನು ಅವರೇ ಹಾಕಿಸುತ್ತಾರೆ, ಐದು ದಿನ ಮಜ್ಜಿಗೆ ಅವರೇ ಹಂಚುತ್ತಾರೆ. ಕಮಾನಿನ ನೆತ್ತಿಯ ಮೇಲೆ, ಮಜ್ಜಿಗೆಯ ಲೋಟದ ಮೇಲೆ ಅವರ ಏಲಕ್ಕಿಯ ಹೆಸರು ಇರಬೇಕು, ಅಷ್ಟೆ. ಸಮಿತಿಯ ಸಭೆಯಲ್ಲಿ ಒಬ್ಬ ಹಿರಿಯರು, “ಏಲಕ್ಕಿ ಅಲ್ಲೇನ್ರೀ? ನಾವು ಹೋಳಿಗಿಗೂ ಹಾಕ್ತೀವಿ. ಅದರಾಗ ತಪ್ಪೇನೈತಿ?” ಎಂದರು. ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ಕಪಟವಿಲ್ಲ. ಮುಸುಕು ಇರುವುದೇ ಅಂಥ ಒಳ್ಳೆಯ ಮನಸ್ಸಿನವರಿಗಾಗಿ. (ಜಾತ್ರೆಯೇ ಬೇಕೇ ಎಂದು ಕೇಳುವ ಬಂಧುಗಳೂ ನಮ್ಮಲ್ಲಿದ್ದಾರೆ. ಅವರೊಡನೆ ನನ್ನ ಜಗಳ ಹಳೆಯದು, ಇಲ್ಲಿ ತರುವುದಿಲ್ಲ.)

ಆ ವಿತರಕರಿಗೆ ಬೇಕಾದದ್ದು ನಮ್ಮ ಕಮಾನಲ್ಲ. ಊರ ಹೊರಗಿನ ಹೆದ್ದಾರಿಯಲ್ಲಿ ಅದಕ್ಕಿಂತ ದೊಡ್ಡ ಹಲಗೆ ಬಾಡಿಗೆಗೆ ಸಿಗುತ್ತದೆ. ಮಠದ ಬಾಗಿಲಲ್ಲಿ ಕಂಡದ್ದನ್ನು ಜನ ಅನುಮಾನಿಸುವುದಿಲ್ಲ, ಆ ವಿಶ್ವಾಸವನ್ನು ಅವರು ಕೊಳ್ಳಲು ಬಂದಿದ್ದಾರೆ. ಅದಕ್ಕೆ ಬೆಲೆ ಎಷ್ಟೆಂದು ಪತಂಜಲಿ ಪ್ರಕರಣ ತೋರಿಸಿತು. ರೋಗ ಗುಣಪಡಿಸುತ್ತೇವೆಂದು ಕಾವಿ ಧರಿಸಿದವರ ಮುಖವಿಟ್ಟು ಜಾಹೀರಾತು ಕೊಟ್ಟ ಕಂಪನಿ 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಿತು, ಪತ್ರಿಕೆಗಳಲ್ಲೂ ಕ್ಷಮಾಪಣೆ ಅಚ್ಚು ಹಾಕಿಸಿತು. ನಿಮ್ಮ ಜಾಹೀರಾತುಗಳು ಇರುತ್ತಿದ್ದಷ್ಟೇ ದೊಡ್ಡದಾಗಿ ಇದೂ ಇದೆಯೇ ಎಂದು ನ್ಯಾಯಪೀಠ ಕೇಳಿತು. ಅಂಥ ಜಾಹೀರಾತುಗಳನ್ನು ತಡೆಯಲು 1954ರಿಂದಲೇ ಕಾಯ್ದೆ ಇದೆ. ನೋಡುವವರಿಗೆ ಕಾಯ್ದೆಗಿಂತ ಕಾವಿ ಮೊದಲು ಕಂಡಿತು.

ಕಮಾನಾದರೂ ಕಣ್ಣೆದುರಿಗಿದೆ. ಮೊಬೈಲಿನಲ್ಲಿ ನಡೆಯುವುದು ಸಮಿತಿಗೂ ಕಾಣುವುದಿಲ್ಲ. ಪೂಜ್ಯರ ಪ್ರವಚನವನ್ನು ನಾವು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತೇವೆ. ಕಾಯಕದ ಬಗ್ಗೆ ಅವರು ಮಾತನಾಡುತ್ತಿರುವಾಗ ನಡುವೆ ಸಾಲ ಕೊಡುವ ಆ್ಯಪಿನ ಜಾಹೀರಾತು ನುಗ್ಗಿತು. ಇದನ್ನು ನೋಡಿದವರು ನಮ್ಮ ಓಣಿಯ ತಾಯಂದಿರು. ನನ್ನ ಫೋನಿನಲ್ಲಿ ಬಂದದ್ದು ಬೇರೆ ಜಾಹೀರಾತು, ಏಕೆಂದರೆ ಯಾರಿಗೆ ಏನು ತೋರಿಸಬೇಕೆಂದು ಕಂಪ್ಯೂಟರು ಆಯಾ ಮನುಷ್ಯನನ್ನು ನೋಡಿ ತೀರ್ಮಾನಿಸುತ್ತದೆ. ನಮ್ಮ ಚಾನೆಲ್ ಹಣ ಪಡೆಯದಿದ್ದರೂ 2020ರ ನವೆಂಬರ್‌ನಿಂದ ಯೂಟ್ಯೂಬ್ ತಾನೇ ಜಾಹೀರಾತು ಸೇರಿಸಬಹುದು. ಹಣ ಪಡೆಯುವ ಚಾನೆಲ್‌ಗಳಿಗೆ ಕೆಲವು ಬಗೆಯ ಜಾಹೀರಾತುಗಳನ್ನು ತಡೆಯುವ ಸೌಲಭ್ಯ ಸೆಟ್ಟಿಂಗ್‌ನಲ್ಲಿದೆ. ಮಠಗಳ ಚಾನೆಲ್ ನೋಡಿಕೊಳ್ಳುವ ಯುವಕರು ಇವತ್ತೇ ಅದನ್ನು ತೆರೆದು ನೋಡಲಿ.

ರೀಲ್ಸ್ ಮಾಡುವವರ ವಿಷಯ ಇನ್ನೂ ಸೂಕ್ಷ್ಮ. ದುಡ್ಡು ಪಡೆದು ಹೊಗಳಿದರೆ ಹಾಗೆಂದು ಎದ್ದು ಕಾಣುವಂತೆ ಹೇಳಬೇಕೆಂಬ ನಿಯಮವಿದೆ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಆದರೆ ನಮ್ಮ ಉತ್ತರ ಕರ್ನಾಟಕದ ಜವಾರಿ ಮಾತಿನಲ್ಲಿ ನಗಿಸುವ ಹುಡುಗ ಎಣ್ಣೆ ಹೊಗಳುವಾಗ, ಅದಕ್ಕೆ ದುಡ್ಡು ಪಡೆದಿದ್ದಾನೆಂಬ ಮಾತು ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ನಮ್ಮಜ್ಜಿಗೆ ಅದು ಓದಲು ಬರುತ್ತದೆಯೇ?

ಸಮಿತಿಯ ಮುಂದೆ ನಾನು ಇಟ್ಟಿರುವುದು ಇಷ್ಟು. ಜಾತ್ರೆಗೆ ಯಾರು ಕೊಟ್ಟರೂ ಅವರು ನಿಜವಾಗಿ ಮಾರುವ ವಸ್ತು ಯಾವುದೆಂದು ಮೊದಲು ಬರಹದಲ್ಲಿ ಕೇಳಬೇಕು, ಆ ಉತ್ತರವನ್ನು ಊರಿಗೆ ಓದಿ ಹೇಳಬೇಕು. ದಾಸೋಹಕ್ಕೆ ಕೊಟ್ಟವರ ಹೆಸರು ಲೆಕ್ಕದ ಪುಸ್ತಕದಲ್ಲಿರಲಿ, ಉಗ್ರಾಣದ ಹಲಗೆಯ ಮೇಲೂ ಇರಲಿ. ಉಣ್ಣುವವನ ತಟ್ಟೆ, ಲೋಟದ ಮೇಲೆ ಬೇಡ. ಬೀಜದ ಅಂಗಡಿಯವರು, ಬಟ್ಟೆ ಅಂಗಡಿಯವರು ತಮ್ಮ ಹೆಸರಿನ ಹಲಗೆಯನ್ನು ಸಂತೆ ಬಯಲಿನಲ್ಲಿ ಹಾಕಿಕೊಳ್ಳಲು ನನ್ನ ತಕರಾರಿಲ್ಲ.

ಹಿರಿಯರು ಇನ್ನೂ ಒಪ್ಪಿಲ್ಲ. “ಹಂಗಾದ್ರ ರೊಕ್ಕ ಎಲ್ಲಿಂದ ತರ್ತೀರಿ?” ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಮಜ್ಜಿಗೆಯ ಹೊಣೆಯನ್ನು ನಮ್ಮ ಓಣಿಯ ಹದಿನೆಂಟು ಮನೆಗಳು ದಿನಕ್ಕಿಷ್ಟು ಎಂದು ಹಂಚಿಕೊಂಡಿವೆ. ಕಮಾನಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಈ ಸಲ ಬಾಳೆಕಂಬ, ಮಾವಿನ ತೋರಣ ಸಾಕೆಂದು ಹೆಣ್ಣುಮಕ್ಕಳು ಹೇಳುತ್ತಿದ್ದಾರೆ.