ಟೋಲ್ ನಾಕಾ ಕಲಿಸಿದ ಲೆಕ್ಕ

‘ಸರ್ವರ್‌ನ ಲೋಡ್ ಆವರೇಜ್ 4 ಇದೆ. ಹೆಚ್ಚೋ, ಕಡಿಮೆಯೋ?’ ಪುಣೆಯ ಸಂದರ್ಶನದಲ್ಲಿ ಕೇಳಿದರು. ‘ಹೆಚ್ಚು’ ಎಂದುಬಿಟ್ಟೆ. ಕೆಲಸ ಕೈತಪ್ಪಿತು.

ಊರಿಗೆ ಮರಳುವಾಗ ಬಸ್ಸು ನಮ್ಮ ಕೊಗನೊಳ್ಳಿ ಟೋಲ್ ನಾಕಾದಲ್ಲಿ ನಿಂತಿತು. ಉತ್ತರ ಅಲ್ಲೇ ಇತ್ತು. ನಾಲ್ಕು ಗೇಟಿಗೆ ನಾಲ್ಕು ವಾಹನ ಬಂದರೆ ಯಾರೂ ಕಾಯಬೇಕಿಲ್ಲ. ಒಂದೇ ಗೇಟಿದ್ದರೆ ಮೂರು ಕಾಯಬೇಕು. ಗೇಟೆಂದರೆ ಪ್ರೊಸೆಸರ್‌ನ ಕೋರ್. ಲೋಡ್ ಎಂದರೆ ಗೇಟಿನಲ್ಲಿರುವ ಮತ್ತು ಸರದಿಯಲ್ಲಿರುವ ಕೆಲಸಗಳ ಒಟ್ಟು ಲೆಕ್ಕ. ‘ಕೋರ್ ಎಷ್ಟಿವೆ?’ ಎಂದು ನಾನು ಮರಳಿ ಕೇಳಬೇಕಿತ್ತು.

ಈಗ ಮನೆಯ ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ‘ಅಪ್‌ಟೈಮ್’ ಆಜ್ಞೆ ಕೊಡುವ 1, 5, 15 ನಿಮಿಷಗಳ ಸರಾಸರಿಗಳನ್ನು ಅದು ಕೋರ್‌ಗಳ ಸಂಖ್ಯೆಯಿಂದ ಭಾಗಿಸಿ, ಸಮಯದೊಂದಿಗೆ ಬರೆದಿಡುತ್ತದೆ. ಮೊದಲ ಸಂಖ್ಯೆ ಕೊನೆಯದಕ್ಕಿಂತ ದೊಡ್ಡದಿದ್ದರೆ ಸಾಲು ಬೆಳೆಯುತ್ತಿದೆ, ಚಿಕ್ಕದಿದ್ದರೆ ಕರಗುತ್ತಿದೆ. ಒಮ್ಮೆ ಭಾಗಲಬ್ಧ 2 ದಾಟಿದರೂ ಪ್ರೊಸೆಸರ್ ಬಹುಪಾಲು ಬಿಡುವಾಗಿಯೇ ಇತ್ತು. ಡಿಸ್ಕಿಗಾಗಿ ಕಾಯುವ ಕೆಲಸಗಳನ್ನೂ ಲಿನಕ್ಸ್ ಎಣಿಸುತ್ತದೆ. ತೊಡಕಿದ್ದದ್ದು ಹಾರ್ಡ್ ಡಿಸ್ಕಿನಲ್ಲಿ.

ಗೆಳೆಯರೇ, ಉತ್ತರ ಬಾಯಿಪಾಠ ಮಾಡುವ ಬದಲು ಅಳೆದು ನೋಡಿ. ಯಾರಾದರೂ ಅಂಕಿಯೊಂದನ್ನು ಮುಂದಿಟ್ಟರೆ ‘ಎಷ್ಟಕ್ಕೆ ಎಷ್ಟು?’ ಎಂದು ಕೇಳಲು ಅಂಜಬೇಡಿ.