ಶಾಲು ಯಾರಿಗೆ, ಶಾಲೆ ಯಾರಿಗೆ?

ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ಮುಂಬಯಿಯ ನಮ್ಮ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಂಭ್ರಮ. ತೊಂಬತ್ತಕ್ಕೂ ಮೇಲೆ ಅಂಕ ಪಡೆದ ಮಕ್ಕಳಿಗೆ ಶಾಲು, ಫಲಕ, ನಗದು. ಅದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅದೇ ಸಭಾಂಗಣದ ಹಿಂಬದಿಯಲ್ಲಿ ಊಟ ಬಡಿಸುತ್ತಿರುವವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿ ದಾಟಿದ್ದಾರೆಂದು ಎಂದಾದರೂ ಕೇಳಿದ್ದೇವೆಯೇ?

ಈ ಪ್ರಶ್ನೆ ಮುಂಬಯಿ ಕನ್ನಡಿಗರಿಗೆ ಹೊಸದಾಗಬಾರದಿತ್ತು. ಕರಾವಳಿಯಿಂದ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತವರು ನಮ್ಮ ಹಿರಿಯರು. ಅಲ್ಲಿ ಮೆಟ್ರಿಕ್ ಮುಗಿಸಿದವರು ಗುಮಾಸ್ತರಾದರು, ವಕೀಲರಾದರು, ಸಂಘಗಳ ಪದಾಧಿಕಾರಿಗಳೂ ಆದರು. ಆ ಶಾಲೆಗಳಲ್ಲಿ ಹಲವು ಇಂದು ಮುಚ್ಚಿವೆ. ಏರಿದ ಏಣಿಯನ್ನು ನಾವು ಒದ್ದಿಲ್ಲದಿರಬಹುದು. ಗೆದ್ದಲು ಹಿಡಿಯಲು ಬಿಟ್ಟಿದ್ದಂತೂ ನಿಜ.

'ಈ ವಯಸ್ಸಿನಲ್ಲಿ ಓದಿ ಏನಾಗಬೇಕು?' ಎನ್ನುವವರಿದ್ದಾರೆ. ಆಗಬೇಕಾದದ್ದು ಬಹಳಷ್ಟಿದೆ. ಹತ್ತನೆಯ ತರಗತಿ ಪಾಸಾಗದವರು ದುಡಿಮೆಗಾಗಿ ಸೌದಿ ಅರೇಬಿಯಾ, ಕುವೈತ್ ಮೊದಲಾದ 18 ದೇಶಗಳಿಗೆ ಹೊರಟರೆ, 1983ರ ವಲಸೆ ಕಾಯ್ದೆಯಂತೆ ಸಾಮಾನ್ಯವಾಗಿ ಸರ್ಕಾರದ ಅನುಮತಿ ಬೇಕು. ಪಾಸಾದವರಿಗೆ ಆ ತೊಡಕಿಲ್ಲ. ಐಟಿಐಯ ಹೆಚ್ಚಿನ ವೃತ್ತಿ ತರಬೇತಿಗಳಿಗೂ ಹತ್ತನೆಯ ತರಗತಿಯೇ ಹೊಸ್ತಿಲು. ಎಂಟನೆಯ ತರಗತಿಗೇ ಶಾಲೆ ಬಿಡಿಸಿ ಮದುವೆ ಮಾಡಿಕೊಟ್ಟ ಹೆಣ್ಣುಮಗಳಿಗೆ ನಲವತ್ತರಲ್ಲಿ ದೊರೆಯುವ ಪ್ರಮಾಣಪತ್ರ, ತನ್ನ ಮಕ್ಕಳ ಶಾಲೆಯ ಅರ್ಜಿಯಲ್ಲಿ 'ತಾಯಿಯ ವಿದ್ಯಾರ್ಹತೆ' ಎಂಬ ಸಾಲಿನ ಮುಂದೆ ತಡವರಿಸದೆ ಬರೆಯುವ ಧೈರ್ಯವೂ ಹೌದು.

'ಮುಕ್ತ ಶಾಲೆಯ ಪ್ರಮಾಣಪತ್ರಕ್ಕೆ ಬೆಲೆಯೆಲ್ಲಿ?' ಎಂಬುದು ಇನ್ನೊಂದು ಆಕ್ಷೇಪ. ಇದು ತಿಳಿಯದೆ ಆಡುವ ಮಾತು. 1989ರಲ್ಲಿ ಸ್ಥಾಪನೆಯಾದ, ಇಂದು ಎನ್‌ಐಒಎಸ್ ಎಂದು ಕರೆಸಿಕೊಳ್ಳುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಕೇಂದ್ರ ಸರ್ಕಾರವೇ ಕಟ್ಟಿದ ಮಂಡಳಿ; ಅದರ ಪ್ರಮಾಣಪತ್ರ ಇತರ ಮಂಡಳಿಗಳದ್ದಕ್ಕೆ ಸಮಾನ. ಹತ್ತನೆಯ ತರಗತಿಗೆ ಹದಿನಾಲ್ಕು ತುಂಬಿದ್ದರೆ ಸಾಕು, ಗರಿಷ್ಠ ವಯೋಮಿತಿಯಿಲ್ಲ. ಐದು ವಿಷಯಗಳು; ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಭಾಷಾ ವಿಷಯಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಮಹಾರಾಷ್ಟ್ರ ಮಂಡಳಿಯ ಪರೀಕ್ಷೆಯನ್ನೇ ಖಾಸಗಿಯಾಗಿ ಬರೆಯುವವರಿಗೆ ಹದಿನೇಳನೆಯ ನಮೂನೆಯ ಅರ್ಜಿಯಿದೆ.

ಬಾಗಿಲು ತೆರೆದಿದೆ. ಕೊರತೆಯಿರುವುದು ಅಲ್ಲಿಯವರೆಗೆ ಕೈಹಿಡಿದು ಕರೆದೊಯ್ಯುವವರದು. ಹನ್ನೆರಡು ಗಂಟೆ ದುಡಿದು ಬಂದವನಿಗೆ ಬೀಜಗಣಿತ ತಾನಾಗಿ ಒಲಿಯದು. ಅರ್ಜಿ ತುಂಬಿಸಲು ಒಬ್ಬರು, ಪಾಠ ಬಿಡಿಸಿ ಹೇಳಲು ಒಬ್ಬರು, ಕೂತು ಓದಲು ಒಂದು ಕೋಣೆ ಬೇಕು. ಕೋಣೆ ನಮ್ಮಲ್ಲಿದೆ, ವಾರದ ಬಹುತೇಕ ಸಂಜೆ ಬೀಗ ಹಾಕಿಕೊಂಡೇ ಇದೆ. ನಿವೃತ್ತ ಶಿಕ್ಷಕರೂ ನಮ್ಮಲ್ಲಿದ್ದಾರೆ. ಅವರನ್ನು ನಾವು ಕರೆಯುವುದು ದೀಪ ಬೆಳಗಲು ಮಾತ್ರ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಸಂಘವೂ ವಾರಕ್ಕೆರಡು ಸಂಜೆ ಆ ಬೀಗ ತೆರೆಯಲಿ. ಪುರಸ್ಕಾರದ ಹಣದಲ್ಲಿ ಒಂದು ಪಾಲು ವಯಸ್ಕರ ಪರೀಕ್ಷಾ ಶುಲ್ಕಕ್ಕೆ ಸಲ್ಲಲಿ. ಮುಂದಿನ ಸಮಾರಂಭದಲ್ಲಿ, ಮೂರನೆಯ ಪ್ರಯತ್ನಕ್ಕೆ ಮೂವತ್ತೈದು ಅಂಕ ಪಡೆದು ಗಣಿತ ದಾಟಿದ ಅಡುಗೆಯವರನ್ನೂ ವೇದಿಕೆಗೆ ಕರೆಯೋಣ. ತೊಂಬತ್ತೈದು ಪಡೆದ ಮಗುವಿನ ಪಕ್ಕದಲ್ಲೇ ಅವರಿಗೂ ಕುರ್ಚಿಯಿರಲಿ.