ಕಪ್ಪು ತೆರೆಯೂ ಕನ್ನಡದ ಪ್ರಶ್ನೆಯೂ



ಈ ಬಾರಿ ಹಳೆಯ ನೆನಪಿನ ಜೊತೆಗೆ ಒಂದು ಜಗಳವನ್ನೂ ತಂದಿದ್ದೇನೆ. ನಿಮ್ಮಲ್ಲಿ ಹಲವರು ಇಂದು ಬೆಂಗಳೂರು, ಹೈದರಾಬಾದುಗಳಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವಿರಿ. ಜಗಳ ನಿಮ್ಮೊಂದಿಗೇ.

2016ರ ಏಪ್ರಿಲ್ ತಿಂಗಳು. ನಾನಾಗ ದೇವದುರ್ಗ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತಿದ್ದೆ. ಕಛೇರಿಯಲ್ಲಿ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದಿತ್ತು. ಪೆನ್‌ಡ್ರೈವಿನಿಂದ ಅಂಕಪಟ್ಟಿಯನ್ನು ಅದಕ್ಕೆ ನಕಲಿಸಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದ. ಶೆಲ್ ಸ್ಕ್ರಿಪ್ಟ್ ಎಂದರೆ, ಯಂತ್ರಕ್ಕೆ ಒಂದರ ಹಿಂದೊಂದು ಕೊಡಬೇಕಾದ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟದ್ದು. ನಮ್ಮ ಗುಮಾಸ್ತರು ಅದನ್ನು ಚಾಲೂ ಮಾಡಿದರು. ಕಪ್ಪು ತೆರೆಯ ಮೇಲೆ ‘ಓವರ್‌ರೈಟ್?’ ಎಂಬ ಪದ ಮೂಡಿತು. ಅವರು ‘ವೈ’ ಒತ್ತಿದರು. ಕಂಪ್ಯೂಟರಿನಲ್ಲಿದ್ದ ಪೂರ್ಣ ಪಟ್ಟಿ ಅಳಿಸಿಹೋಗಿ, ಪೆನ್‌ಡ್ರೈವಿನಲ್ಲಿದ್ದ ಅರೆಬರೆ ಪಟ್ಟಿ ಅದರ ಜಾಗದಲ್ಲಿ ಕುಳಿತಿತು. ಮೂರು ರಾತ್ರಿ ಕುಳಿತು ಎಲ್ಲವನ್ನೂ ಮತ್ತೆ ಟೈಪು ಮಾಡಿದೆವು. ಆ ಹಿರಿಯರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ತಪ್ಪು ನಂದೇ ಐತ್ರಿ ಸರ್, ಅದು ಏನು ಕೇಳ್ತು ಅಂತ ನನಗ ತಿಳೀಲಿಲ್ರಿ.”

ತಪ್ಪು ಅವರದಾಗಿರಲಿಲ್ಲ. ತಿಳಿಯದ ಭಾಷೆಯಲ್ಲಿ ಪ್ರಶ್ನೆ ಕೇಳಿದವನದು.

ರಾಯಚೂರಿನವರಿಗೆ ಇದು ಹೊಸ ಅನುಭವವಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಗುವವರೆಗೆ ನಮ್ಮ ಕಛೇರಿಗಳ ಭಾಷೆ ಉರ್ದು. ಉರ್ದು ಸೊಗಸಾದ ಭಾಷೆಯೇ, ಅದರಲ್ಲಿ ದೋಷವಿಲ್ಲ. ಆದರೆ ಅದನ್ನು ಓದಲಾರದ ರೈತನು ತನ್ನದೇ ಹೊಲದ ಕಾಗದಕ್ಕೆ ಅರ್ಜಿ ಬರೆಯುವವನನ್ನು ಹುಡುಕಬೇಕಾಗಿತ್ತು, ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಬೇಕಾಗಿತ್ತು. ‘ವೈ’ ಒತ್ತಿದ ನಮ್ಮ ಗುಮಾಸ್ತರ ಬೆರಳಿಗೂ ಆ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ?

ಈಚೆಗೆ ನನ್ನ ಅಕ್ಕನ ಮಗನೊಡನೆ ಇದನ್ನೇ ಚರ್ಚಿಸುತ್ತಿದ್ದೆ. ಅವನು ಸಾಫ್ಟ್‌ವೇರ್ ಇಂಜಿನಿಯರ್. “ಮಾವಾ, ಕಿಟಕಿ ಗಿಟಕಿ ಎಲ್ಲಾ ಯಾಕ್ರಿ? ಬೇಕಾದರ ಟರ್ಮಿನಲ್‌ನಾಗೇ ಕನ್ನಡದಾಗ ಕೇಳಿದರಾತು” ಎಂದ. ಸರಿ, ಹಾಗೆಯೇ ಮಾಡಿ ತೋರಿಸು ಎಂದೆ. ‘ವಿದ್ಯಾರ್ಥಿ’ ಎಂದು ಬರೆದ. ಒತ್ತಕ್ಷರವೊಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ ಚೆಲ್ಲಿಹೋಯಿತು.

ಕಾರಣ ಸರಳ. ಕಪ್ಪು ತೆರೆಯು ಚೌಕಳಿ ಹಾಳೆಯಂತೆ. ಒಂದೊಂದು ಚಿಹ್ನೆಗೆ ಅಳತೆಯ ಮನೆಗಳು. ಇಂಗ್ಲಿಷಿಗೆ ಅದು ಸಾಕು. ‘ವಿದ್ಯಾರ್ಥಿ’ ಎಂಬುದು ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಎಲ್ಲ ಸೇರಿ ಹತ್ತು ಸಂಕೇತಗಳು. ಯುಟಿಎಫ್-8ರಲ್ಲಿ ಮೂವತ್ತು ಬೈಟುಗಳು. ಆ ಹತ್ತನ್ನು ಹೆಣೆದು ಮೂರು ಮಾಡುವ ಕಲೆ ಹೆಚ್ಚಿನ ಟರ್ಮಿನಲ್‌ಗಳಿಗೆ ಸರಿಯಾಗಿ ಬಾರದು. ಟರ್ಮಿನಲ್ಲಿನೊಳಗೇ ಪೆಟ್ಟಿಗೆ ಬರೆಯುವ ‘ಡಯಲಾಗ್’, ‘ವಿಪ್‌ಟೇಲ್’ ಎಂಬ ಹಳೆಯ ಉಪಕರಣಗಳಿಗೂ ಇದೇ ತೊಡಕು. ಚಿತ್ರರೂಪದ ಕಿಟಕಿಯಲ್ಲಾದರೋ ಅಕ್ಷರಗಳು ಒಡೆಯದೆ ಮೂಡುತ್ತವೆ. ಆದ್ದರಿಂದ ಕನ್ನಡಿಗನಿಗೆ ಕಿಟಕಿಯು ಅಲಂಕಾರವಲ್ಲ. ಪ್ರಶ್ನೆಯನ್ನು ಓದಲು ಇರುವ ನೇರ ದಾರಿ.

ಆ ಕಿಟಕಿ ಕಟ್ಟುವುದು ಕಷ್ಟವೇ? ಗ್ನೋಮ್ ಯೋಜನೆಯ ‘ಝೆನಿಟಿ’, ಕೆಡಿಇಯ ‘ಕೆಡಯಲಾಗ್’ ಎರಡೂ ಬೆಲೆಯಿಲ್ಲದ ಸ್ವತಂತ್ರ ತಂತ್ರಾಂಶಗಳು. ಝೆನಿಟಿ ಎಂಬ ಆಜ್ಞೆಯ ಮುಂದೆ ‘ಕ್ವೆಶ್ಚನ್’ ಎಂಬ ಆಯ್ಕೆಯನ್ನೂ ನಿಮ್ಮ ಪ್ರಶ್ನೆಯನ್ನೂ ಬರೆದರಾಯಿತು, ಒಂದೇ ಸಾಲು. ‘ಎಂಟ್ರಿ’ ಎಂದರೆ ಹೆಸರು ಬರೆಯುವ ಜಾಗ ಬರುತ್ತದೆ. ‘ಫೈಲ್ ಸೆಲೆಕ್ಷನ್’ ಎಂದರೆ ಕಡತ ಆರಿಸುವ ಕಿಟಕಿ. ‘ಪ್ರೋಗ್ರೆಸ್’ ಎಂದರೆ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ. ಗುಂಡಿಗಳ ಮೇಲಿನ ಮಾತನ್ನೂ ನೀವೇ ಕೊಡಬಹುದು. “ಕಂಪ್ಯೂಟರಿನಲ್ಲಿರುವ ಪಟ್ಟಿ ಅಳಿಸಿಹೋಗಿ ಪೆನ್‌ಡ್ರೈವಿನ ಪಟ್ಟಿ ಬರುತ್ತದೆ. ಮುಂದುವರಿಯಲೇ?” ಎಂದು ಕೇಳಿ, ಕೆಳಗೆ ‘ಹೌದು, ಅಳಿಸು’, ‘ಬೇಡ’ ಎಂದಿದ್ದರೆ ನಮ್ಮ ಮೂರು ರಾತ್ರಿಗಳು ಉಳಿಯುತ್ತಿದ್ದವು.

ಇದರ ಒಳಲೆಕ್ಕವೂ ಗಣಿತದ ಮಾಸ್ತರನಿಗೆ ಮೆಚ್ಚಾಗುವಂಥದು. ಒಪ್ಪಿಗೆಯ ಗುಂಡಿ ಒತ್ತಿದರೆ ಝೆನಿಟಿಯು ಸ್ಕ್ರಿಪ್ಟಿಗೆ 0 ಎಂದು ಹೇಳುತ್ತದೆ, ಬೇಡವೆಂದರೆ 1. ಗಾಬರಿಯಾಗಿ ಕಿಟಕಿಯನ್ನೇ ಮುಚ್ಚಿಬಿಟ್ಟರೂ 1. 0 ಬಂದಾಗ ಮಾತ್ರ ಮುಂದೆ ಹೋಗು ಎಂದು ಬರೆದಿಟ್ಟರೆ, ತಿಳಿಯದೆ ಹಿಂದೆ ಸರಿದವನಿಗೆ ಹಾನಿಯಾಗುವುದಿಲ್ಲ. ಒಂದು ಎಚ್ಚರಿಕೆ: ಪ್ರಶ್ನೆಯನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪಠ್ಯವು ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ.

ಎದುರುವಾದದಲ್ಲಿಯೂ ಸತ್ಯಾಂಶವಿದೆ. ದೂರದ ಸರ್ವರಿನಲ್ಲಿ, ತೆರೆಯೇ ಇಲ್ಲದ ಯಂತ್ರದಲ್ಲಿ ಕಿಟಕಿ ತೆರೆಯಲಾರದು. ನಡುರಾತ್ರಿ ತಾನೇ ಓಡುವ ಸ್ಕ್ರಿಪ್ಟು ಯಾರನ್ನೂ ಏನನ್ನೂ ಕೇಳಬಾರದು. ಅಲ್ಲಿ ನಿಮ್ಮ ಕಪ್ಪು ತೆರೆಯೇ ಇರಲಿ. ಆದರೆ ಮನುಷ್ಯನೊಬ್ಬನು ಎದುರಿಗೆ ಕುಳಿತು ಉತ್ತರಿಸಬೇಕಾದ ಕಡೆ ಆ ವಾದ ನಿಲ್ಲದು. “ಕಷ್ಟಪಟ್ಟು ಕಲಿಯಲಿ” ಎನ್ನುವುದೂ ನಿಲ್ಲದು. ಗುಮಾಸ್ತರ ಕೆಲಸ ಅಂಕಪಟ್ಟಿಯನ್ನು ಕಾಪಾಡುವುದು. ನಿಮ್ಮ ಪಾಂಡಿತ್ಯಕ್ಕೆ ಪರೀಕ್ಷೆ ಬರೆಯುವುದಲ್ಲ.

ನಮ್ಮ ಪಕ್ಕದ ಮಾನ್ವಿಯ ಜಗನ್ನಾಥದಾಸರನ್ನು ನೆನೆಯಿರಿ. ಸಂಸ್ಕೃತ ಪಂಡಿತರಾಗಿದ್ದ ಅವರು ಮೊದಲು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರವಾಗಿ ಕಂಡರೆಂದೂ, ಆಮೇಲೆ ಪಶ್ಚಾತ್ತಾಪಪಟ್ಟು ತಾವೇ ಹರಿದಾಸರಾದರೆಂದೂ ಐತಿಹ್ಯವಿದೆ. ಸಂಸ್ಕೃತ ಗ್ರಂಥಗಳಲ್ಲಿದ್ದ ತತ್ತ್ವವನ್ನು ಅವರು ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ದಲ್ಲಿ ಕನ್ನಡಕ್ಕೆ ತಂದರು. ಅದರಿಂದ ಅವರ ಪಾಂಡಿತ್ಯ ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ. ಅಷ್ಟು ದೊಡ್ಡ ಶಾಸ್ತ್ರವೇ ಕನ್ನಡಕ್ಕೆ ಬಂದಿರುವಾಗ ‘ಅಳಿಸಲೇ, ಬೇಡವೇ’ ಎಂಬ ಒಂದು ಪ್ರಶ್ನೆ ಬರಲಾರದೇ?

ನಿಮಗೊಂದು ಮನೆಪಾಠ ಕೊಡುತ್ತೇನೆ. ಬೇರೆಯವರ ಉಪಯೋಗಕ್ಕೆಂದು ನೀವು ಬರೆದ ಒಂದು ಸ್ಕ್ರಿಪ್ಟನ್ನು ತೆರೆಯಿರಿ. ಅದು ಕೇಳುವ ಪ್ರಶ್ನೆಗಳನ್ನು ಕನ್ನಡದ ಕಿಟಕಿಗಳಾಗಿ ಮಾರ್ಪಡಿಸಿ, ಊರಿಗೆ ಬಂದಾಗ ಮನೆಯ ಹಿರಿಯರೊಬ್ಬರ ಮುಂದಿಡಿ. ಅವರಿಗೆ ಅರ್ಥವಾಗದಿದ್ದರೆ ಪ್ರಶ್ನೆಯನ್ನು ತಿದ್ದಿರಿ. ನನ್ನ ಅಕ್ಕನ ಮಗ ಕಳೆದ ವಾರ ಒಂದನ್ನು ಮಾಡಿ ಕಳುಹಿಸಿದ್ದಾನೆ. ಅದರಲ್ಲಿ ಕಾಗುಣಿತದ ಎರಡು ತಪ್ಪುಗಳಿದ್ದವು, ತಿದ್ದಿ ಹಿಂದಿರುಗಿಸಿದ್ದೇನೆ. ನಿಮ್ಮದನ್ನೂ ಕಳುಹಿಸಿರಿ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಗಣಿತದ ಮಾಸ್ತರು,
ರಾಯಚೂರು